ಡಿ.ವಿ.ಡಿ. ತಟ್ಟೆಗಳ ಎಂಟು ಸೀಮೆಗಳು

ಅಮೆರಿಕದಲ್ಲಿ ಹಣ ತೆತ್ತು ಕೊಂಡ ಚಲನಚಿತ್ರದ ಡಿ.ವಿ.ಡಿ. ತಟ್ಟೆಯೊಂದನ್ನು ಬೆಂಗಳೂರಿನಲ್ಲಿ ಹಣ ತೆತ್ತು ಕೊಂಡ ಲ್ಯಾಪ್‌ಟಾಪಿನೊಳಗೆ ಇಟ್ಟರೆ, ಪರದೆಯ ಮೇಲೆ ಚಿತ್ರ ಮೂಡುವುದಕ್ಕೆ ಬದಲಾಗಿ ಒಂದು ಪ್ರಶ್ನೆ ಮೂಡುವುದುಂಟು. ಈ ತಟ್ಟೆ ಬೇರೆ ಸೀಮೆಯದು, ಯಂತ್ರದ ಸೀಮೆಯನ್ನು ಬದಲಾಯಿಸಬೇಕೆ, ಇನ್ನು ನಾಲ್ಕು ಸಲ ಮಾತ್ರ ಬದಲಾಯಿಸಬಹುದು ಎಂದು ಯಂತ್ರ ಕೇಳುತ್ತದೆ. ತಟ್ಟೆಯಲ್ಲಿ ಗೀರಿಲ್ಲ, ಯಂತ್ರದಲ್ಲಿ ಕೆಡುಕಿಲ್ಲ, ಎರಡಕ್ಕೂ ನ್ಯಾಯವಾದ ಬೆಲೆ ಸಂದಿದೆ. ಆದರೂ ಒಂದನ್ನೊಂದು ಮಾತನಾಡಿಸವು. ಈ ವಿಚಿತ್ರವಾದ ಮುನಿಸು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಹೇಗೆ ಸಡಿಲವಾಯಿತು ಎಂಬುದು ಮೂವತ್ತು ವರ್ಷಗಳೊಳಗಿನ ಕಥೆಯೇ ಆದರೂ ಇತಿಹಾಸವೆನ್ನಿಸಿಕೊಳ್ಳಲು ಯೋಗ್ಯವಾದದ್ದು.

೧೯೯೫ನೆಯ ಇಸವಿಯ ಕೊನೆಯಲ್ಲಿ ತೋಷಿಬಾ, ಸೋನಿ, ಫಿಲಿಪ್ಸ್ ಮೊದಲಾದ ಕಂಪನಿಗಳು ತಮ್ಮ ತಮ್ಮೊಳಗಿನ ಪೈಪೋಟಿಯನ್ನು ಬಿಟ್ಟು, ಹನ್ನೆರಡು ಸೆಂಟಿಮೀಟರು ಅಗಲದ ಒಂದೇ ಬಗೆಯ ತಟ್ಟೆಗೆ ಒಪ್ಪಿಕೊಂಡವು. ೧೯೯೬ರ ನವೆಂಬರಿನಲ್ಲಿ ಜಪಾನಿನಲ್ಲಿಯೂ ೧೯೯೭ರಲ್ಲಿ ಅಮೆರಿಕದಲ್ಲಿಯೂ ಅದು ಮಾರಾಟಕ್ಕೆ ಬಂದಿತು. ಆದರೆ ತಟ್ಟೆಯ ಮೇಲೆ ಅಚ್ಚಾಗಬೇಕಾದ ಚಿತ್ರಗಳು ಇದ್ದದ್ದು ಹಾಲಿವುಡ್ಡಿನ ಕೈಯಲ್ಲಿ. ಅಲ್ಲಿನವರಿಗೆ ಒಂದು ಭಯವಿತ್ತು. ಆಗ ಚಿತ್ರವೊಂದು ಮೊದಲು ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಕಾಣುತ್ತಿತ್ತು. ತಿಂಗಳುಗಳು ಕಳೆದ ಮೇಲೆ ಯೂರೋಪಿಗೂ ಆಸ್ಟ್ರೇಲಿಯಕ್ಕೂ ಹೋಗುತ್ತಿತ್ತು. ಅಲ್ಲಿ ಅದು ಮಂದಿರದಲ್ಲಿ ಓಡುತ್ತಿರುವಾಗಲೇ ಅಮೆರಿಕದ ತಟ್ಟೆ ಅಂಚೆಯಲ್ಲಿ ಬಂದು ಇಳಿದರೆ ಟಿಕೆಟು ಕೊಳ್ಳುವವರು ಯಾರು? ಮತ್ತೊಂದು ದೇಶದಲ್ಲಿ ಹಂಚಿಕೆಯ ಹಕ್ಕನ್ನು ಕೊಂಡವನ ಗತಿ ಏನು? ಒಂದೊಂದು ದೇಶಕ್ಕೆ ಒಂದೊಂದು ಬೆಲೆ ಇಡುವ ಅನುಕೂಲವೂ ಇದರಲ್ಲಿ ಸೇರಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಹೀಗಾಗಿ ಭೂಮಂಡಲವನ್ನು ಸೀಮೆಗಳಾಗಿ ಹಂಚಲಾಯಿತು.

ಹಂಚಿಕೆ ನೋಡತಕ್ಕದ್ದು. ಅಮೆರಿಕ ಸಂಯುಕ್ತ ಸಂಸ್ಥಾನವೂ ಕೆನಡವೂ ಒಂದನೆಯ ಸೀಮೆ. ಪಶ್ಚಿಮ ಯೂರೋಪು, ಪಶ್ಚಿಮ ಏಷ್ಯ, ದಕ್ಷಿಣ ಆಫ್ರಿಕ, ಇವುಗಳ ಜೊತೆಗೆ ಜಪಾನು ಎರಡನೆಯದು. ದಕ್ಷಿಣ ಕೊರಿಯ, ಹಾಂಗ್‌ಕಾಂಗ್ ಮತ್ತು ಆಗ್ನೇಯ ಏಷ್ಯ ಮೂರನೆಯದು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಪಂಕ್ತಿಯಲ್ಲಿ ಮೆಕ್ಸಿಕೊ, ಬ್ರೆಜಿಲ್ ಕುಳಿತವು, ಅದು ನಾಲ್ಕನೆಯದು. ನಾವು ಐದನೆಯ ಸೀಮೆಯವರು. ರಷ್ಯ, ಮಂಗೋಲಿಯ, ಆಫ್ರಿಕದ ಬಹುಭಾಗ, ನಮ್ಮ ನೆರೆಯ ಪಾಕಿಸ್ತಾನ, ಎಲ್ಲರೂ ನಮ್ಮ ಒಡನಾಡಿಗಳು. ಚೀನಕ್ಕೆ ಆರನೆಯ ಸೀಮೆ, ಒಂಟಿಯಾಗಿ. ಏಳನೆಯದನ್ನು ಮುಂದಿನ ಬಳಕೆಗೆಂದು ಖಾಲಿ ಬಿಟ್ಟರು. ಎಂಟನೆಯದು ವಿಮಾನಗಳಿಗೂ ಹಡಗುಗಳಿಗೂ ಮೀಸಲು. ಭೂಗೋಳದ ಮೇಷ್ಟರು ಈ ನಕ್ಷೆಯನ್ನು ಹುಡುಗನೊಬ್ಬನ ಉತ್ತರಪತ್ರಿಕೆಯಲ್ಲಿ ಕಂಡಿದ್ದರೆ ಕೆಂಪು ಶಾಯಿ ಖರ್ಚಾಗುತ್ತಿತ್ತು. ಆದರೆ ಇದು ಭೂಗೋಳವಲ್ಲ, ವ್ಯಾಪಾರದ ಪಂಚಾಂಗ.

ಬೀಗದ ಕೆಲಸವೂ ಸರಳವೇ. ತಟ್ಟೆಯ ಮೇಲೆ ಎಂಟು ಗುರುತುಗಳ ಒಂದು ಸಾಲಿರುತ್ತದೆ, ಸೀಮೆಗೊಂದರಂತೆ. ಯಾವ ಯಾವ ಸೀಮೆಗೆ ಅನುಮತಿ ಇದೆ ಎಂಬುದನ್ನು ಅದು ಹೇಳುತ್ತದೆ. ಅದನ್ನು ಓದಿ, ತನ್ನ ಸೀಮೆಯ ಅಂಕಿಯೊಡನೆ ತಾಳೆ ನೋಡಿ, ಬಿಡುವುದೋ ತಡೆಯುವುದೋ ಯಂತ್ರದ ಕೆಲಸ. ಎಂಟಕ್ಕೂ ಅನುಮತಿ ಕೊಟ್ಟ ತಟ್ಟೆ ಎಲ್ಲಿಯೂ ಓಡುತ್ತದೆ. ನಮ್ಮ ದೇಶದ ಚಿತ್ರಗಳ ತಟ್ಟೆಗಳು ಬಹುಮಟ್ಟಿಗೆ ಇಂಥವೇ ಆಗಿದ್ದುದರಿಂದ, ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಒಯ್ದ ರಾಜಕುಮಾರರ ಚಿತ್ರವನ್ನು ನೋಡಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿರಲಿಲ್ಲ. ತೊಡಕು ಹುಟ್ಟುತ್ತಿದ್ದುದು ಅಲ್ಲಿಂದ ಇಲ್ಲಿಗೆ ಬರುವ ತಟ್ಟೆಗಳಿಂದ.

ಟೆಲಿವಿಷನ್ನಿಗೆ ಜೋಡಿಸುವ ಡಿ.ವಿ.ಡಿ. ಪೆಟ್ಟಿಗೆ ಒಂದೇ ಮನೆಯಲ್ಲಿ ಒಂದೇ ಮೂಲೆಯಲ್ಲಿ ಇರುವಂಥದು. ಅದರ ಸೀಮೆಯನ್ನು ಕಾರ್ಖಾನೆಯಲ್ಲಿಯೇ ಗೊತ್ತುಮಾಡಿ ಕಳುಹಿಸುತ್ತಿದ್ದರು. ಲ್ಯಾಪ್‌ಟಾಪಿನ ಸ್ವಭಾವವೇ ಬೇರೆ. ಅದು ಒಡೆಯನ ಚೀಲದಲ್ಲಿ ಕುಳಿತು ಸಮುದ್ರ ದಾಟುತ್ತದೆ. ಮೊದಮೊದಲು ಗಣಕದ ಡ್ರೈವಿಗೆ ಸೀಮೆಯ ಪರಿವೆಯೇ ಇರಲಿಲ್ಲ. ಚಿತ್ರ ತೋರಿಸುವ ತಂತ್ರಾಂಶವೊಂದೇ ಕಾವಲಿತ್ತು, ಅದನ್ನು ಪುಸಲಾಯಿಸುವುದು ಕಷ್ಟವಾಗಿರಲಿಲ್ಲ. ಇದು ಸಾಲದೆಂದು ೨೦೦೦ದ ಜನವರಿ ೧ರಿಂದ ಹೊಸ ಕಟ್ಟಳೆ ಬಂದಿತು. ಅಲ್ಲಿಂದ ಮುಂದೆ ತಯಾರಾಗುವ ಡ್ರೈವುಗಳು ಸೀಮೆಯ ಅಂಕಿಯನ್ನು ತಮ್ಮೊಳಗೇ ಇಟ್ಟುಕೊಳ್ಳತಕ್ಕದ್ದು. ಬಳಸುವವನು ಅದನ್ನು ಒಟ್ಟು ಐದು ಸಲ ಮಾತ್ರ ಬದಲಾಯಿಸಬಹುದು. ಐದನೆಯ ಸಲ ಯಾವ ಸೀಮೆಗೆ ಇಟ್ಟನೋ ಅದೇ ಕಾಯಂ. ಗಣಕದ ತಂತ್ರಾಂಶವನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದರೂ ಈ ಎಣಿಕೆ ಅಳಿಯದು, ಏಕೆಂದರೆ ಅದು ಬರೆದಿರುವುದು ಡ್ರೈವಿನ ಹೊಟ್ಟೆಯಲ್ಲಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಡಲಾರೆ.

ನನ್ನ ಪರಿಚಯದ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಹೀಗೇ ನಡೆಯಿತು. ಅಮೆರಿಕದಿಂದ ಮಗಳು ಮಕ್ಕಳೊಡನೆ ಬಂದಾಗ ಆ ದೇಶದ ಮಕ್ಕಳ ಚಿತ್ರಗಳ ತಟ್ಟೆಗಳನ್ನು ತರುವಳು. ತಂದೆ ಇಲ್ಲಿ ಕೊಂಡಿಟ್ಟ ಇಂಗ್ಲಿಷ್ ಚಿತ್ರಗಳ ತಟ್ಟೆಗಳು ಐದನೆಯ ಸೀಮೆಯವು. ಮೊಮ್ಮಕ್ಕಳು ಬಂದಾಗ ಒಂದಕ್ಕೆ, ಹೋದ ಮೇಲೆ ಐದಕ್ಕೆ, ಮತ್ತೆ ಬಂದಾಗ ಒಂದಕ್ಕೆ. ಬದಲಾವಣೆಗಳು ತೀರಿದಾಗ ಯಂತ್ರ ನಿಂತಿದ್ದು ಮೊಮ್ಮಕ್ಕಳ ಸೀಮೆಯಲ್ಲಿ. ಮಕ್ಕಳು ಹಿಂದಿರುಗಿದರು, ಮುದುಕರ ಲ್ಯಾಪ್‌ಟಾಪು ಮಾತ್ರ ಅಮೆರಿಕದ್ದಾಗಿಯೇ ಉಳಿಯಿತು.

ಇಲ್ಲಿ ಒಂದು ಮಾತನ್ನು ಬೇರ್ಪಡಿಸಿ ಹೇಳಬೇಕು. ದೇಶದೇಶಗಳ ಟೆಲಿವಿಷನ್ ಪದ್ಧತಿಗಳಲ್ಲಿ ನಿಜವಾದ ಭೇದವೂ ಇತ್ತು. ನಮ್ಮಲ್ಲಿ ೬೨೫ ಗೆರೆ, ಸೆಕೆಂಡಿಗೆ ೨೫ ಚಿತ್ರ; ಅಮೆರಿಕದಲ್ಲಿ ೫೨೫ ಗೆರೆ, ಸುಮಾರು ೩೦ ಚಿತ್ರ. ಇದು ಆಯಾ ದೇಶದ ವಿದ್ಯುತ್ತಿನ ಇತಿಹಾಸದಿಂದ ಬಂದದ್ದು. ಟೆಲಿವಿಷನ್ ಪೆಟ್ಟಿಗೆ ಇದರಲ್ಲಿ ಎಡವಬಹುದು. ಲ್ಯಾಪ್‌ಟಾಪು ಎಡವುವುದಿಲ್ಲ, ಎರಡನ್ನೂ ಸಲೀಸಾಗಿ ತೋರಿಸುತ್ತದೆ. ಪ್ರಕೃತಿಸಹಜವಾದ ಅಡ್ಡಿಯನ್ನು ದಾಟಬಲ್ಲ ಯಂತ್ರವನ್ನು ಮನುಷ್ಯನು ಕಟ್ಟಿದ ಬೇಲಿ ತಡೆಯಿತು. ರೇಡಿಯೋ ಉಳ್ಳವರು ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ಕುಳಿತು ಸಿಲೋನನ್ನು ಕೇಳುತ್ತಿದ್ದಾಗ ನಿಮ್ಮದು ಯಾವ ಸೀಮೆ ಎಂದು ಪೆಟ್ಟಿಗೆ ಕೇಳಿದ್ದುಂಟೆ?

ಬೇಲಿಗೆ ಮೊದಲ ಕಂಡಿ ಬಿದ್ದದ್ದು ನಾರ್ವೆಯಲ್ಲಿ. ತಟ್ಟೆಯ ಮೇಲಿನ ಚಿತ್ರವನ್ನು ಗೂಢಲಿಪಿಯಲ್ಲಿ ಬರೆದಿರುತ್ತಾರೆ. ಸೀಮೆ ತಾಳೆಯಾಗದಿದ್ದರೆ ಹೊಸ ಬಗೆಯ ಡ್ರೈವು ಅದರ ಕೀಲಿಯನ್ನು ಕೊಡುವುದಿಲ್ಲ. ೧೯೯೯ರ ಅಕ್ಟೋಬರಿನಲ್ಲಿ ಯೋನ್ ಲೆಕ್ ಯೋಹಾನ್ಸೆನ್ ಎಂಬ ಹದಿನೈದು ವರ್ಷದ ಹುಡುಗ, ಹೆಸರು ಹೇಳದ ಇಬ್ಬರ ಜೊತೆಗೂಡಿ, ಈ ಗೂಢಲಿಪಿಯನ್ನು ಬಿಡಿಸುವ ತಂತ್ರಾಂಶವನ್ನು ಹೊರಗೆಡಹಿದನು. ತಾನು ಕೊಂಡ ತಟ್ಟೆಯನ್ನು ಲಿನಕ್ಸ್ ನಡೆಸುವ ಗಣಕದಲ್ಲಿ ನೋಡಬೇಕೆಂಬುದು ಅವನ ವಾದ. ಮೊಕದ್ದಮೆ ನಡೆಯಿತು. ೨೦೦೩ರ ಜನವರಿಯಲ್ಲಿ ಓಸ್ಲೋ ನ್ಯಾಯಾಲಯವೂ ಅದೇ ವರ್ಷದ ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವೂ ಅವನನ್ನು ನಿರ್ದೋಷಿಯೆಂದು ಬಿಟ್ಟವು. ಅಮೆರಿಕದ ತೀರ್ಪು ತದ್ವಿರುದ್ಧವಾಗಿತ್ತು. ಆ ತಂತ್ರಾಂಶವನ್ನು ಪ್ರಕಟಿಸಕೂಡದೆಂದು ೨೦೦೦ದ ಆಗಸ್ಟಿನಲ್ಲಿ ನ್ಯಾಯಾಧೀಶ ಲೂಯಿಸ್ ಕಪ್ಲಾನರು ವಿಧಿಸಿದರು. ಕೂಡದೆಂದದ್ದೇ ತಡ, ಜನ ಅದನ್ನು ಅಂಗಿಗಳ ಮೇಲೆ ಅಚ್ಚು ಹಾಕಿಸಿಕೊಂಡರು. ಸೇತ್ ಶೋಯೆನ್ ಎಂಬುವರು ೨೦೦೧ರಲ್ಲಿ ಅದೇ ವಿಧಾನವನ್ನು ಜಪಾನೀ ಹೈಕು ಛಂದಸ್ಸಿನ ನಾನೂರಕ್ಕೂ ಹೆಚ್ಚಿನ ಪದ್ಯಗಳಲ್ಲಿ ಹೆಣೆದುಬಿಟ್ಟರು! ಹನ್ನೆರಡನೆಯ ಶತಮಾನದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದು ಲೆಕ್ಕವನ್ನು ಕನ್ನಡ ಪದ್ಯದಲ್ಲಿ ಹೇಳಿದ ನಮ್ಮ ರಾಜಾದಿತ್ಯನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ. ಪದ್ಯಕ್ಕೆ ಪ್ರತಿಬಂಧ ಹಾಕುವುದು ಹೇಗೆ ಎಂಬುದೇ ಶೋಯೆನರ ಪ್ರಶ್ನೆಯಾಗಿತ್ತು.

ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಬ ಕಾಲೇಜಿನ ವಿದ್ಯಾರ್ಥಿಗಳು ೧೯೯೬ರಲ್ಲಿ ಆರಂಭಿಸಿ ೨೦೦೧ರಲ್ಲಿ ಲೋಕಕ್ಕೆಲ್ಲ ಬಿಟ್ಟುಕೊಟ್ಟ ವಿ.ಎಲ್.ಸಿ. ಎಂಬ ತಂತ್ರಾಂಶ ಇಂದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅದು ಡ್ರೈವಿನ ಅಪ್ಪಣೆಗೆ ಕಾಯದೆ ಕೀಲಿಯನ್ನು ತಾನೇ ಹುಡುಕಿಕೊಳ್ಳಬಲ್ಲುದು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಸೀಮೆಯನ್ನು ಮುಟ್ಟದೆಯೇ ಚಿತ್ರ ಓಡುತ್ತದೆ. ಕೆಲವು ಹಟಮಾರಿ ಡ್ರೈವುಗಳು ಇದಕ್ಕೂ ಬಗ್ಗುವುದಿಲ್ಲ. ಕಾನೂನುಗಳೂ ಬೇರೆ ಬೇರೆ ದಾರಿ ಹಿಡಿದವು. ಮಾರುಕಟ್ಟೆ ಹಂಚುವುದಕ್ಕೆಂದೇ ಇರುವ ಬೀಗಕ್ಕೆ ನ್ಯೂಜಿಲೆಂಡು ೨೦೦೮ರಲ್ಲಿ ಕಾನೂನಿನ ರಕ್ಷಣೆಯನ್ನು ನಿರಾಕರಿಸಿತು. ನಮ್ಮಲ್ಲಿ ೨೦೧೨ರ ತಿದ್ದುಪಡಿ ಬೀಗ ಮುರಿಯುವುದನ್ನು ಅಪರಾಧವೆಂದಿತು. ಆದರೆ ಕೃತಿಸ್ವಾಮ್ಯವನ್ನು ಕದಿಯುವ ಉದ್ದೇಶವಿದ್ದರೆ ಮಾತ್ರ ಎಂಬ ವಿವೇಕವನ್ನೂ ಸೇರಿಸಿತು. ಇದು ನನ್ನ ಮಟ್ಟಿಗೆ ಮೆಚ್ಚತಕ್ಕ ಮಾತು.

ಈ ಬೀಗಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ. ೨೦೦೯ರ ಮಾರ್ಚಿನಲ್ಲಿ ಅಧ್ಯಕ್ಷ ಒಬಾಮರು ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನರಿಗೆ ೨೫ ಶ್ರೇಷ್ಠ ಅಮೆರಿಕನ್ ಚಿತ್ರಗಳ ತಟ್ಟೆಗಳನ್ನು ಉಡುಗೊರೆ ಕೊಟ್ಟರು. ಅವು ಒಂದನೆಯ ಸೀಮೆಯವಾದ್ದರಿಂದ ಪ್ರಧಾನಿಯ ಮನೆಯಲ್ಲಿ ಓಡಲಿಲ್ಲವೆಂದು ಲಂಡನ್ನಿನ ಪತ್ರಿಕೆಗಳು ಬರೆದವು.

ಇಷ್ಟೆಲ್ಲ ಕಾದಾಟದ ಮೇಲೂ ಬೇಲಿ ಬಿದ್ದದ್ದು ನ್ಯಾಯಾಲಯದಲ್ಲಲ್ಲ. ಅದನ್ನು ಕಟ್ಟಿದ ಕಾರಣವೇ ಸವೆದುಹೋಯಿತು. ಕಳ್ಳಪ್ರತಿಗಳ ಹಾವಳಿಗೆ ಹೆದರಿ ಹಾಲಿವುಡ್ಡು ತನ್ನ ದೊಡ್ಡ ಚಿತ್ರಗಳನ್ನು ಎಲ್ಲ ದೇಶಗಳಲ್ಲಿ ಒಟ್ಟಿಗೆ ಬಿಡತೊಡಗಿತು. ೨೦೦೩ರ ನವೆಂಬರಿನಲ್ಲಿ ‘ಮೇಟ್ರಿಕ್ಸ್’ ಸರಣಿಯ ಮೂರನೆಯ ಚಿತ್ರ ಲೋಕದ ಅನೇಕ ನಗರಗಳಲ್ಲಿ ಒಂದೇ ಗಳಿಗೆಗೆ ತೆರೆಕಂಡಿತು. ೨೦೦೬ರ ಬ್ಲೂ-ರೇ ತಟ್ಟೆಗಳಿಗೆ ಮೂರೇ ಸೀಮೆ. ೨೦೧೬ರಲ್ಲಿ ಬಂದ ಅದರ ಉತ್ತರಾಧಿಕಾರಿಗೆ ಸೀಮೆಯೇ ಇಲ್ಲ. ಅಷ್ಟರಲ್ಲಿ ತಟ್ಟೆಯೇ ಲ್ಯಾಪ್‌ಟಾಪನ್ನು ಬಿಟ್ಟು ಹೊರಟಿತ್ತು. ೨೦೦೮ರಲ್ಲಿ ಆಪಲ್ ಕಂಪನಿ ತಟ್ಟೆಯ ಡ್ರೈವಿಲ್ಲದ ತೆಳು ಯಂತ್ರವನ್ನು ಮಾರಿತು. ೨೦೧೨ರ ವಿಂಡೋಸ್ ೮ರಲ್ಲಿ ಡಿ.ವಿ.ಡಿ. ತೋರಿಸುವ ಏರ್ಪಾಡನ್ನೇ ಕೈಬಿಟ್ಟರು. ಹಾಗೆಂದು ಸೀಮೆಗಳು ಸತ್ತವೆಂದು ತಿಳಿಯಬಾರದು. ಈ ಚಿತ್ರ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದು ಅಂತರ್ಜಾಲದ ಚಿತ್ರಶಾಲೆಗಳು ಹೇಳುವಾಗ ಕೇಳಿಬರುವುದು ಅದೇ ಹಳೆಯ ಸುಂಕದವನ ದನಿ.

ಕಪಾಟಿನಲ್ಲಿ ತಟ್ಟೆಗಳನ್ನು ಜೋಪಾನ ಮಾಡಿಟ್ಟಿರುವ ಮನೆಗಳು ಇನ್ನೂ ಇವೆ. ಅಂಥವರು ಯು.ಎಸ್.ಬಿ. ತಂತಿಯಿಂದ ಜೋಡಿಸುವ ಹೊರಗಿನ ಡ್ರೈವನ್ನು ಕೊಳ್ಳುತ್ತಾರೆ. ಅದರಲ್ಲಿಯೂ ಐದರ ಎಣಿಕೆ ಇರುವುದರಿಂದ, ಯಂತ್ರ ಪ್ರಶ್ನೆ ಕೇಳಿದೊಡನೆ ಹೂಂಗುಟ್ಟದೆ, ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಹೆಸರಿನಡಿ ಸೀಮೆ ಯಾವುದು, ಉಳಿದ ಬದಲಾವಣೆಗಳು ಎಷ್ಟು ಎಂದು ಮೊದಲು ನೋಡಿಕೊಳ್ಳಬೇಕು. ಎರಡು ದೇಶಗಳ ತಟ್ಟೆಗಳು ಕೂಡಿರುವ ಮನೆಯವರು ಎರಡು ಡ್ರೈವುಗಳನ್ನೇ ಇಟ್ಟುಕೊಂಡು, ಒಂದರ ಬೆನ್ನಿಗೆ ೧ ಎಂದೂ ಇನ್ನೊಂದರ ಬೆನ್ನಿಗೆ ೫ ಎಂದೂ ಚೀಟಿ ಅಂಟಿಸಿಬಿಡುವುದು ಲೇಸು.