ತಂತಿಕಳ್ಳರು, ಅಮೀರ್ ಅಲಿ ಮತ್ತು ಮೆಡೋಸ್ ಟೇಲರ್

ಕೊಲೆಗಾರನನ್ನು ಎದುರಿಗೆ ಕೂರಿಸಿಕೊಂಡು, ಅವನ ಬಾಯಿಂದಲೇ ಅವನ ಬಾಳಿನ ಕಥೆಯನ್ನು ಹೇಳಿಸಿ, ಆತ ಹೀಗೇಕಾದನೆಂದು ವಿಚಾರಿಸುವ ಸಾಕ್ಷ್ಯಚಿತ್ರಗಳಿಗೆ ಇಂದು ಜಗತ್ತಿನಲ್ಲೆಲ್ಲ ಅಪಾರ ಪ್ರೇಕ್ಷಕವರ್ಗವಿದೆ. ಈ ಪ್ರಕಾರವು ಅಮೆರಿಕೆಯ ಕೊಡುಗೆಯೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅದರ ಬಹು ಹಿಂದಿನ ಮಾದರಿಯೊಂದು ಹೈದರಾಬಾದಿನ ನಿಜಾಮನ ರಾಜ್ಯದಲ್ಲಿಯೇ ರೂಪುಗೊಂಡಿತೆಂಬುದನ್ನೂ, ಅದರ ಕರ್ತೃವು ಮುಂದೆ ಕನ್ನಡನಾಡಿನ ಸುರಪುರದಲ್ಲಿ ಹನ್ನೊಂದು ಹನ್ನೆರಡು ವರ್ಷ ಆಡಳಿತ ನಡೆಸಿದವನೆಂಬುದನ್ನೂ ನೆನೆಯುವವರು ವಿರಳ.

ಠಗ್ಗರ ವಿಷಯವಾಗಿ ಬರೆದವರೆಲ್ಲ ಜಬಲಪುರದ ಸ್ಲೀಮನ್ನನಿಂದ ಆರಂಭಿಸುವುದು ವಾಡಿಕೆ. ದಕ್ಷಿಣದ ದಾಖಲೆಗಳು ಅದಕ್ಕಿಂತ ಹಳೆಯವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಕೆಲಕಾಲದಲ್ಲಿಯೇ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನ ಸೆರೆಸಿಕ್ಕಿದ್ದರು. ಅವರು ಎಂತಹವರೆಂಬುದು ಆಗ ಯಾರ ಲಕ್ಷ್ಯಕ್ಕೂ ಬರಲಿಲ್ಲ. 1816ರಲ್ಲಿ ಮದರಾಸಿನ ವೈದ್ಯ ರಿಚರ್ಡ್ ಶೇರ್‌ವುಡ್ ಎಂಬಾತನು ‘ಫಾಂಸಿಗಾರ’ರನ್ನು ಕುರಿತು ಪ್ರಕಟಿಸಿದ ಲೇಖನದಲ್ಲಿ ಈ ಸಂಗತಿಯೂ ಇದೆ, ಇವರಿಗೆ ದೇಶಭಾಷೆಗಳಲ್ಲಿದ್ದ ಹೆಸರುಗಳೂ ಇವೆ. ಕನ್ನಡದಲ್ಲಿ ಇವರು ‘ತಂತಿಕಳ್ಳರು’, ಎಂದರೆ ತಂತಿಯ ಕುಣಿಕೆಯಿಂದ ಕೊರಳು ಬಿಗಿಯುವವರು. ಹಿಂದುಸ್ತಾನಿಯ ಠಗ್ ಶಬ್ದಕ್ಕೆ ಮೋಸಗಾರನೆಂಬುದೇ ಮೂಲಾರ್ಥ. ನಮ್ಮ ‘ಠಕ್ಕ’ನೂ ಅದೇ ಬಳಗದವನು. ಹಿಂದುಸ್ತಾನಿಯು ಮೋಸವನ್ನು ಕಂಡರೆ ಕನ್ನಡವು ಕೈಯ ಆಯುಧವನ್ನು ಕಂಡಿತು.

ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಮುಂಬಯಿಗೆ ಬಂದು, ಹದಿಹರೆಯದಲ್ಲಿಯೇ ನಿಜಾಮನ ಸೇವೆಗೆ ಸೇರಿದವನು. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮನೆತನದ ಕನ್ಯೆಯನ್ನು ವರಿಸಿ ಇಲ್ಲಿಯವನೇ ಆದನು. ರಾಜ್ಯದ ನೈರುತ್ಯ ಜಿಲ್ಲೆಗಳಲ್ಲಿ ಪೊಲೀಸ್ ಅಧಿಕಾರಿಯಾಗಿದ್ದಾಗ ದಾರಿಬದಿಯ ಕೊಲೆಗಳ ಜಾಡು ಹಿಡಿದಿದ್ದನಾದರೂ ಸೈನ್ಯಕ್ಕೆ ಹಿಂದಿರುಗಬೇಕಾಗಿ ಬಂದುದರಿಂದ ಆ ಶೋಧದ ಕೀರ್ತಿ ಸ್ಲೀಮನ್ನನ ಪಾಲಾಯಿತು. ಈ ಕೊರಗು ಅವನನ್ನು ಕಡೆಯವರೆಗೂ ಬಿಡಲಿಲ್ಲ. 1832ರಲ್ಲಿ ಸಾಗರದಿಂದ ನಿಜಾಮನ ಸೀಮೆಗೆ ಕಳುಹಿಸಲ್ಪಟ್ಟ ಮಾಫಿಸಾಕ್ಷಿಗಳಲ್ಲಿ ಅಮೀರ್ ಅಲಿಯೆಂಬಾತನೊಬ್ಬನಿದ್ದನು. ತಾನು ಪಾಲುಗೊಂಡ ಕೊಲೆಗಳು 719 ಎಂದೂ, ಹನ್ನೆರಡು ವರ್ಷ ಸೆರೆಯಲ್ಲಿರದಿದ್ದರೆ ಸಾವಿರ ತುಂಬುತ್ತಿದ್ದವೆಂದೂ ಆತ ಟೇಲರನಿಗೆ ಹೇಳಿದನಂತೆ. ಈ ಹೇಳಿಕೆಗಳನ್ನು ಆಧರಿಸಿ ಟೇಲರ್ ಬರೆದ ‘ಕನ್ಫೆಷನ್ಸ್ ಆಫ್ ಎ ಠಗ್’ ಕಾದಂಬರಿಯು 1839ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಅಚ್ಚಾಗುತ್ತಿದ್ದ ಹಾಳೆಗಳನ್ನೇ ವಿಕ್ಟೋರಿಯಾ ರಾಣಿಯು ತರಿಸಿಕೊಂಡು ಓದಿದಳೆಂದು ಟೇಲರನ ಆತ್ಮಕಥೆ ಹೇಳುತ್ತದೆ. ಪತ್ತೇದಾರಿಕೆಯಿಂದ ದೊರೆಯದ ಕೀರ್ತಿ ಕಥೆಯಿಂದ ದೊರೆಯಿತು.

ಕಾದಂಬರಿಯ ತಿರುಳು ಅಮೀರ್ ಅಲಿಯ ಬಾಲ್ಯದಲ್ಲಿದೆ. ತಂದೆತಾಯಿಗಳನ್ನು ಕೊಂದ ಠಗ್ಗನೇ ಆ ಶಿಶುವನ್ನು ಎತ್ತಿಕೊಂಡು, ಮಗನೆಂದು ಅಕ್ಕರೆಯಿಂದ ಸಾಕಿ, ಪ್ರಾಯ ಬಂದಾಗ ವೃತ್ತಿಯ ದೀಕ್ಷೆ ಕೊಡುತ್ತಾನೆ. ಕೊರಳಿನ ತಾಯಿತದ ಗುರುತಿನಿಂದ, ತಾನು ಕೊಂದವಳು ಒಡಹುಟ್ಟಿದ ತಂಗಿಯೆಂಬುದು ಅಮೀರ್ ಅಲಿಗೆ ತಿಳಿಯುವುದು ಬಹಳ ತಡವಾಗಿ. ಈ ಕಡೆಯ ತಿರುವು ನಾಟಕೀಯವಾಯಿತೆಂದು ಆಕ್ಷೇಪಿಸಬಹುದು. ಆದರೆ ಹುಟ್ಟಿನಿಂದ ಠಗ್ಗನಲ್ಲದವನು ಪ್ರೀತಿಯಿಂದಲೇ ಠಗ್ಗನಾದನೆಂಬ ಕಲ್ಪನೆ ಆ ಕಾಲಕ್ಕೆ ಸಾಮಾನ್ಯವಾದುದಲ್ಲ. 1830ರ ಕೊನೆಯಲ್ಲಿ ಸೆರೆಸಿಕ್ಕ ಫಿರಂಗಿಯಾ ಎಂಬ ಜಮಾದಾರನೂ ಸ್ಲೀಮನ್ನನ ಮುಂದೆ ಇದನ್ನೇ ಬೇರೊಂದು ಬಗೆಯಲ್ಲಿ ಹೇಳಿದ್ದನು: ಮರುಕ ತಮಗೂ ಉಂಟು, ಆದರೆ ಪೂಜೆಯ ಬೆಲ್ಲವನ್ನು ಒಮ್ಮೆ ತಿಂದವನ ಸ್ವಭಾವವೇ ಬದಲಾಗಿ, ಎಷ್ಟೇ ಸಿರಿಯಿದ್ದರೂ ಆತ ಈ ವೃತ್ತಿಗೇ ಮರಳುವನು ಎಂದು.

ವಿಜ್ಞಾನದ ಹೆಸರಿನಲ್ಲಿಯೂ ಒಂದು ವಿಚಾರಣೆ ನಡೆಯಿತು. ಸಾಗರದಲ್ಲಿ ನೇಣಿಗೇರಿದ ಏಳು ಠಗ್ಗರ ತಲೆಬುರುಡೆಗಳನ್ನು 1830ರ ದಶಕದಲ್ಲಿ ಎಡಿನ್‌ಬರೋದ ಕಪಾಲಶಾಸ್ತ್ರ ಸಂಘಕ್ಕೆ ಕಳುಹಿಸಲಾಯಿತು. ಬುರುಡೆಯ ಉಬ್ಬುತಗ್ಗುಗಳಲ್ಲಿ ಶೀಲವನ್ನು ಓದುತ್ತಿದ್ದ ಆ ಪಂಡಿತರಿಗೆ ‘ಸಂಹಾರಪ್ರವೃತ್ತಿ’ಯ ಉಬ್ಬು ಯಾವ ಬುರುಡೆಯಲ್ಲಿಯೂ ಪ್ರಬಲವಾಗಿ ಕಾಣಲಿಲ್ಲ! ಪರಿಸರ, ಪರಂಪರೆಗಳ ಕಡೆಗೆ ಕೈತೋರಿಸಿ ಅವರು ಸಮಾಧಾನ ಹೊಂದಬೇಕಾಯಿತು. ಕಪಾಲಶಾಸ್ತ್ರವು ಹುಸಿವಿದ್ಯೆಯೆಂಬುದು ಈಗ ನಿರ್ವಿವಾದ. ಆದರೂ ಬುರುಡೆಯಲ್ಲಿ ಸಿಗದುದನ್ನು ಇಂದು ಮಿದುಳಿನ ಚಿತ್ರಗಳಲ್ಲಿ ಹುಡುಕುವವರು ಈ ಏಳು ಬುರುಡೆಗಳ ವೃತ್ತಾಂತವನ್ನು ಓದತಕ್ಕದ್ದು.

ಅವರು ಸಾಮಾನ್ಯರಂತೆಯೇ ಇದ್ದರೆಂಬುದಕ್ಕೆ ಹಿಂಗೋಲಿಯ ಹರಿಸಿಂಗನಿಗಿಂತ ಬೇರೆ ಸಾಕ್ಷಿ ಬೇಡ. ಆತ ಊರಿನ ಗೌರವಸ್ಥ ವರ್ತಕ; ಸ್ವತಃ ಟೇಲರನೂ ಅವನೊಡನೆ ವ್ಯವಹಾರವಿಟ್ಟುಕೊಂಡಿದ್ದವನು. ಮುಂಬಯಿಯಿಂದ ಬಟ್ಟೆ ತರಲು ರಹದಾರಿ ಬೇಕೆಂದು ಆತ ಅರ್ಜಿ ಮಾಡಿ ಪಡೆದನು. ಅಂಥ ಸರಕಿನೊಡನೆ ಬೇರೊಬ್ಬ ವರ್ತಕನು ಬರುತ್ತಿರುವುದು ಅವನಿಗೆ ಗೊತ್ತಿದ್ದಿತು. ಆ ವರ್ತಕನನ್ನು ದಾರಿಯಲ್ಲಿ ಕೊಂದು, ಅದೇ ರಹದಾರಿಯ ಬಲದಿಂದ ಸರಕನ್ನು ತಂದು, ದಂಡಿನ ಪೇಟೆಯಲ್ಲಿ ಬಹಿರಂಗವಾಗಿ ಮಾರಿದನು. ಕಾಗದಪತ್ರಗಳಲ್ಲಿ ಒಂದು ಅಕ್ಷರದ ದೋಷವೂ ಇರಲಿಲ್ಲ.

ಆದರೆ ಈ ಕಥನಗಳನ್ನು ಎಷ್ಟು ನಂಬಬೇಕು? 1831ರಿಂದ 1837ರವರೆಗೆ ಸಿಕ್ಕ 3,266 ಠಗ್ಗರಲ್ಲಿ 412 ಜನ ನೇಣಿಗೇರಿದರು. 483 ಜನ ಮಾಫಿಸಾಕ್ಷಿಗಳಾದರು. ಮಿಕ್ಕವರಲ್ಲಿ ಹಲವರು ಗಡೀಪಾರಿಗೋ ಆಜೀವ ಸೆರೆಗೋ ಗುರಿಯಾದರು. ಮಾಫಿಸಾಕ್ಷಿಯ ಕೊರಳು ಅವನ ಕಥೆಯ ಮೇಲೆ ನಿಂತಿದ್ದಿತು. ಕಥೆ ಮುಗಿದರೆ ಉಪಯೋಗವೂ ಮುಗಿಯಿತು. ಅವಧ ಪ್ರಾಂತದ ಬೆಹರಾಮನ 931 ಕೊಲೆಗಳು ಜಗತ್ಪ್ರಸಿದ್ಧವಾದರೂ, ಆತ ಸ್ವಹಸ್ತದಿಂದ ಕೊಂದೆನೆಂದುದು ಸುಮಾರು 125 ಮಾತ್ರ. ಉಳಿದವು ತಂಡದ ಲೆಕ್ಕ. ಟೆಕ್ಸಾಸಿನಲ್ಲಿ 1983ರಲ್ಲಿ ಬಂಧಿತನಾದ ಹೆನ್ರಿ ಲೀ ಲೂಕಸ್ ಎಂಬಾತನು ನೂರಾರು ಕೊಲೆಗಳನ್ನು ಒಪ್ಪಿಕೊಂಡು, ಅವುಗಳಲ್ಲಿ ಬಹುಪಾಲು ಸುಳ್ಳೆಂದು ತಿಳಿದುಬಂದ ಪ್ರಸಂಗವೇ 2019ರ ಸಾಕ್ಷ್ಯಚಿತ್ರವೊಂದಕ್ಕೆ ವಸ್ತುವಾಯಿತು. ಕೇಳುವವನ ಕುತೂಹಲಕ್ಕೆ ತಕ್ಕಂತೆ ಸಂಖ್ಯೆ ಬೆಳೆಯುತ್ತದೆ. ಹೀಗೆಂದು ಠಗ್ಗರೆಂಬವರೇ ಇರಲಿಲ್ಲವೆನ್ನುವ ಪಕ್ಷವೂ ನಿಲ್ಲದು. ತೋರಿಸಿದ ಜಾಗಗಳಲ್ಲಿ ಅಗೆದಾಗ ಹೆಣಗಳು ದೊರೆತವು. ಕಿಂ ವ್ಯಾಗ್ನರ್ 2007ರ ಗ್ರಂಥದಲ್ಲಿ ಹಿಡಿದ ನಡುದಾರಿಯೇ ಸಮಂಜಸ: ಕೊಲೆಗಳು ನಿಜ; ಕೊಂದವರಲ್ಲಿ ಬಹುಜನ ಜಮೀನುದಾರರ ಆಶ್ರಯದಲ್ಲಿದ್ದು, ಬೇಸಾಯದ ಬಿಡುವಿನಲ್ಲಿ ದಾರಿಗಿಳಿಯುತ್ತಿದ್ದವರು; ಕಾಳಿಯ ಹೆಸರಿನ ಅಖಿಲ ಭಾರತ ಕೊಲೆಗಾರಮತವೆಂಬುದು ಮಾತ್ರ ಅಧಿಕಾರಿಗಳು ಕಟ್ಟಿದ ಮಹಲು.

ಆ ಮಹಲಿನ ನೆರಳು ಉದ್ದವಾಗಿ ಚಾಚಿತು. 1836ರ 30ನೆಯ ಕಾಯಿದೆಯ ಮೇರೆಗೆ ಇಂತಹ ಕೊಲೆಯನ್ನು ಮಾಡಿದನೆಂದು ತೋರಿಸಬೇಕಾಗಿರಲಿಲ್ಲ. ಠಗ್ಗರ ತಂಡಕ್ಕೆ ಸೇರಿದವನೆಂದು ಸಿದ್ಧವಾದರೆ ಆಜೀವ ಸೆರೆವಾಸಕ್ಕೆ ಅಷ್ಟೇ ಸಾಕು. ಟೇಲರನ ಕಥೆಯಲ್ಲಿ ಸಾಕಿದವನ ಕೈಯಿಂದ ಬಂದುದು ಸರ್ಕಾರದ ಕಡತದಲ್ಲಿ ರಕ್ತದಿಂದ ಬಂದುದಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು, ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುವನೆಂಬ ತರ್ಕವನ್ನು ಹಿಡಿದು, ಇಡಿಯ ಕುಲಗಳನ್ನೇ ಪಟ್ಟಿಗೆ ಸೇರಿಸಿತು. ಹುಟ್ಟಿದ ಕೂಸೂ ಆ ಹಣೆಪಟ್ಟಿಯೊಡನೆಯೇ ಹುಟ್ಟಿತು. ಮುಂಬಯಿ ಪ್ರಾಂತದಲ್ಲಿ ಇಂತಹವರನ್ನು ಬೇಲಿಯೊಳಗೆ ಕೂಡಿಹಾಕಿದ ಸ್ಥಳಗಳಲ್ಲಿ ಹುಬ್ಬಳ್ಳಿಯೂ ಒಂದು. ಕಾಯಿದೆಯು 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯ ಆ ಬಡಾವಣೆಯನ್ನು ಜನರು ಇಂದಿಗೂ ಸೆಟಲ್‌ಮೆಂಟ್ ಎಂದೇ ಕರೆಯುತ್ತಾರೆ.