ನಿಮ್ದು ಏನು ಹೋಗಿದೆ ಸಾರ್?

2022ರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಯಾರೋ ಫೋನ್ ಮಾಡಿ, ನನ್ನ ಸಾಲದ ಎರಡು ಕಂತು ಬಾಕಿಯಿದೆ ಎಂದರು. ನಾನು ಯಾವ ಸಾಲವನ್ನೂ ತೆಗೆದುಕೊಂಡಿರಲಿಲ್ಲ. ಸಾಲ ಕೊಟ್ಟಿತೆನ್ನುವ ಆ್ಯಪ್‌ನ ಹೆಸರನ್ನೇ ಕೇಳಿರಲಿಲ್ಲ. ಆದರೆ ಅವರ ಬಳಿ ನನ್ನ ಪ್ಯಾನ್ ಸಂಖ್ಯೆ ಇತ್ತು, ಹುಟ್ಟಿದ ದಿನಾಂಕ ಇತ್ತು, ಅಪ್ಪನ ಹೆಸರೂ ಇತ್ತು. ಅರ್ಜಿಯ ಜೊತೆಗಿದ್ದ ಫೋಟೊ ಮಾತ್ರ ಬೇರೆ ಯಾರದೋ.

ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ರೈಟರ್ ಒಳ್ಳೆಯ ಮನುಷ್ಯ. ಕುರ್ಚಿ ತೋರಿಸಿ, ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, ಪೆನ್ನು ಕೆಳಗಿಟ್ಟು ಹೇಳಿದರು: "ದುಡ್ಡು ಕಳ್ಕೊಂಡೋರು ಆ ಕಂಪನಿಯೋರು. ನಿಮ್ದು ಏನು ಹೋಗಿದೆ ಸಾರ್?"

ಆಗ ಸಿಟ್ಟು ಬಂದಿತ್ತು. ಹಳೆಯ ಕಾನೂನು ಪುಸ್ತಕಗಳನ್ನು ತಿರುವಿ ಹಾಕಿದ ಮೇಲೆ ಆ ಸಿಟ್ಟು ಇಳಿಯಿತು. ಅವರು ಕೇಳಿದ್ದು ಅವರ ಪ್ರಶ್ನೆಯಲ್ಲ, 1860ರ ಪ್ರಶ್ನೆ.

ಭಾರತೀಯ ದಂಡ ಸಂಹಿತೆಯ ಕರಡನ್ನು ಮೆಕಾಲೆ ನೇತೃತ್ವದ ಮೊದಲ ಕಾನೂನು ಆಯೋಗ 1837ರಲ್ಲಿ ಒಪ್ಪಿಸಿತು. ಅದು ಕಾಯ್ದೆಯಾದದ್ದು 1860ರಲ್ಲಿ, ಜಾರಿಗೆ ಬಂದದ್ದು 1862ರ ಜನವರಿ 1ರಂದು. ಅದರ ಸೊಗಸಿರುವುದು ದೃಷ್ಟಾಂತಗಳಲ್ಲಿ. ಕಳ್ಳತನವನ್ನು ವಿವರಿಸುವಾಗ ಒಬ್ಬ ಜೇಬಿನಲ್ಲಿ ನಾಯಿಗೆ ಇಷ್ಟವಾದ ತಿನಿಸು ಇಟ್ಟುಕೊಂಡು ಹೋಗುತ್ತಾನೆ, ಇನ್ನೊಬ್ಬರ ನಾಯಿ ಅವನ ಹಿಂದೆ ಬರುತ್ತದೆ. ನಾಯಿ ಹೆಜ್ಜೆ ಎತ್ತಿಟ್ಟ ಕ್ಷಣಕ್ಕೆ ಕಳ್ಳತನ ಆಗಿಹೋಯಿತು. ಕಾನೂನನ್ನು ಹೀಗೆ ಪುಟ್ಟ ಕತೆಗಳಲ್ಲಿ ಹೇಳಿದವರ ಮೇಲೆ ನನಗೆ ಇವತ್ತಿಗೂ ಮೆಚ್ಚುಗೆಯಿದೆ.

ಆದರೆ ಆ ನಾಯಿಯನ್ನು ಗಮನಿಸಿ. ಕಳುವಾಗಬೇಕಾದರೆ ವಸ್ತು ಕೈಗೆ ಸಿಗುವಂಥದ್ದಾಗಿರಬೇಕು, ಇದ್ದಲ್ಲಿಂದ ಕದಲಬೇಕು, ಒಡೆಯನ ವಶದಿಂದ ತಪ್ಪಬೇಕು. ನನ್ನ ಹೆಸರು ಎಲ್ಲಿಗೂ ಕದಲಲಿಲ್ಲ. ಪ್ಯಾನ್ ಕಾರ್ಡು ಅಂದೂ ಪರ್ಸಿನಲ್ಲೇ ಇತ್ತು, ಈಗಲೂ ಇದೆ.

ಹಾಗಾದರೆ ವಂಚನೆ? ಅದಕ್ಕೆ 416ನೇ ಕಲಂ ಇತ್ತು: ಇನ್ನೊಬ್ಬರ ಸೋಗಿನಲ್ಲಿ ಮೋಸ ಮಾಡುವುದು. ಶಿಕ್ಷೆ ಮೂರು ವರ್ಷದವರೆಗೆ. ಇಲ್ಲಿಯೂ ಎರಡು ಪುಟ್ಟ ಕತೆಗಳಿವೆ. ಮೊದಲನೆಯದರಲ್ಲಿ ಒಬ್ಬ, ತನ್ನದೇ ಹೆಸರಿರುವ ಶ್ರೀಮಂತ ಸಾಹುಕಾರನೊಬ್ಬನೇ ತಾನು ಎಂದು ನಂಬಿಸುತ್ತಾನೆ. ಎರಡನೆಯದರಲ್ಲಿ, ಸತ್ತುಹೋದವನೊಬ್ಬನೇ ತಾನು ಎನ್ನುತ್ತಾನೆ. ಜೊತೆಗೊಂದು ವಿವರಣೆ: ಯಾರ ಸೋಗು ಹಾಕಿದನೋ ಅವನು ನಿಜವಾದ ಮನುಷ್ಯನೇ ಆಗಿರಬೇಕಿಲ್ಲ, ಕಲ್ಪನೆಯವನಾದರೂ ಅಪರಾಧವೇ.

ಈ ಸಾಲಿನಲ್ಲಿ ನಾನು ಬಹಳ ಹೊತ್ತು ನಿಂತೆ. ವಂಚಕನನ್ನು ಹಿಡಿಯುವ ದೃಷ್ಟಿಯಿಂದ ಅದು ಜಾಣತನದ ಸಾಲು. ಆದರೆ ಸೋಗಿಗೆ ಒಳಗಾದವನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದಮೇಲೆ ಈ ಕಲಮಿನಲ್ಲಿ ಅವನಿಗೆ ಜಾಗವೆಲ್ಲಿ? ಹಾನಿ ಲೆಕ್ಕಕ್ಕೆ ಬರುವುದು ಮೋಸಹೋಗಿ ದುಡ್ಡು ಕೊಟ್ಟವನದ್ದು. ಸತ್ತವನು ಹೇಗೂ ದೂರು ಕೊಡುವುದಿಲ್ಲ, ಸಾಹುಕಾರನನ್ನು ಯಾರೂ ಕೇಳುವುದಿಲ್ಲ. ಸುಳ್ಳು ದಾಖಲೆ ಸೃಷ್ಟಿಯ ಕಲಂಗಳು ಇದ್ದವು, ನಿಜ. ಅವು ಕೇಳುವುದು ಕಾಗದ ಸುಳ್ಳೇ ಎಂದು. ನನ್ನ ಸಂಖ್ಯೆ ಸುಳ್ಳಲ್ಲ, ನನ್ನದೇ.

ಸತ್ತವರ ಸೋಗಿನ ಕತೆ ಬರೀ ಕಲ್ಪನೆಯಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿ, ರಸ್ತೆಗೆ ಜಲ್ಲಿ ಪೂರೈಸುವ ಕರಾರಿನ ಮೇಲೆ ಗುತ್ತಿಗೆದಾರ ರಾಜ್ಯಧರ ಕೋನಾಯ್ ಅವರ ಇಡೀ ಅಂಗೈಗೆ ಮಸಿ ಬಳಿದು ಒತ್ತಿಸಿಕೊಂಡ. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಅದೇ ಹರ್ಷಲ್ ಪಿಂಚಣಿದಾರರಿಂದ ಬೆರಳಚ್ಚು ತೆಗೆದುಕೊಳ್ಳುತ್ತಿದ್ದ. ಪಿಂಚಣಿದಾರ ಸತ್ತ ಮೇಲೂ ಅವನ ಹೆಸರಿನಲ್ಲಿ ಇನ್ಯಾರೋ ಬಂದು ದುಡ್ಡು ಎಣಿಸಿಕೊಂಡು ಹೋಗಬಾರದಲ್ಲ. ಕ್ರಯಪತ್ರಗಳ ನೋಂದಣಿಗೂ ಅದನ್ನೇ ಬಳಸಿದ. ಎಲ್ಲೆಡೆ ಇದನ್ನು ತರಬೇಕೆಂದು ಮೇಲಿನವರಿಗೆ ಪತ್ರ ಬರೆದ, ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತು ವರ್ಷ ಕಳೆದು, 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅಲ್ಲಿನ ವಿಂಗಡಣೆಗೆ ಎಡ್ವರ್ಡ್ ಹೆನ್ರಿಯ ಹೆಸರು ಅಂಟಿಕೊಂಡಿತು. ಅದರ ಲೆಕ್ಕಾಚಾರದಲ್ಲಿ ದುಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಬಹುಕಾಲ ಅಡಿಟಿಪ್ಪಣಿಯಲ್ಲೇ ಉಳಿದರು. (ಸೋಗಿನ ವಿರುದ್ಧದ ಶಾಸ್ತ್ರದಲ್ಲೇ ಇದೂ ಒಂದು ಬಗೆಯ ಹೆಸರು ಕಳೆದುಕೊಳ್ಳುವುದು.) 1899ರ ತಿದ್ದುಪಡಿ ಬೆರಳಚ್ಚಿನ ಬಗ್ಗೆ ತಜ್ಞರ ಅಭಿಪ್ರಾಯವನ್ನು ಸಾಕ್ಷ್ಯ ಕಾಯ್ದೆಯೊಳಗೆ ತಂದಿತು.

ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ತಾತನ ಕಾಲದ ಕ್ರಯಪತ್ರವಿದೆ. ಮೂಲೆಯಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ನಮ್ಮಲ್ಲಿ ಹೆಬ್ಬೆಟ್ಟು ಎನ್ನುವುದು ಓದುಬರಹ ಬಾರದವರನ್ನು ಹಂಗಿಸುವ ಮಾತಾಗಿದೆ. ಆದರೆ ಸಹಿಯನ್ನು ನಕಲು ಮಾಡಬಹುದು, ಹೆಬ್ಬೆಟ್ಟನ್ನು ಆಗದು ಎಂಬ ನಂಬಿಕೆಯೇ ಒಂದು ಶತಮಾನ ಈ ದೇಶದ ಜಮೀನು ವ್ಯವಹಾರವನ್ನು ಹೊತ್ತು ನಡೆಸಿತು.

ಕಂಪ್ಯೂಟರಿಗಾಗಿ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಯಾಯಿತು. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆಯೂ ಬಂತು. ಆದರೂ ಗುರುತಿನ ಕಳವು ಎಂಬ ಅಪರಾಧ ಆ ಕಾಯ್ದೆಯಲ್ಲಿ ಇರಲಿಲ್ಲ. ಅಮೆರಿಕ 1998ರಲ್ಲೇ ಪ್ರತ್ಯೇಕ ಕಾನೂನು ಮಾಡಿತ್ತು. ಅಲ್ಲಿಯೂ ಅದುವರೆಗೆ ಸಂತ್ರಸ್ತರೆನಿಸಿಕೊಳ್ಳುತ್ತಿದ್ದದ್ದು ದುಡ್ಡು ಕಳೆದುಕೊಂಡ ಬ್ಯಾಂಕು, ಹೆಸರು ಕೆಡಿಸಿಕೊಂಡ ಮನುಷ್ಯನಲ್ಲ.

ನಮ್ಮಲ್ಲಿ ಆ ಬದಲಾವಣೆ ಬಂದದ್ದು 2008ರ ಡಿಸೆಂಬರಿನಲ್ಲಿ, ಮುಂಬೈ ದಾಳಿಯ ಬೆನ್ನಿಗೆ, ಸಂಸತ್ತಿನಲ್ಲಿ ಹೆಚ್ಚಿನ ಚರ್ಚೆಯೇ ಇಲ್ಲದೆ. ಆ ತಿದ್ದುಪಡಿ ಎಂದರೆ ಎಲ್ಲರಿಗೂ ನೆನಪಾಗುವುದು 66ಎ. ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿದ ಕುಖ್ಯಾತ ಕಲಂ ಅದು. ಅದರ ನೆರೆಮನೆಯಲ್ಲಿ ಸದ್ದಿಲ್ಲದೆ 66ಸಿ ಬಂದು ಕೂತಿತ್ತು. ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿ, ಪಾಸ್‌ವರ್ಡ್ ಅಥವಾ ಅವರನ್ನು ಗುರುತಿಸುವ ಬೇರಾವುದೇ ವಿಶಿಷ್ಟ ಲಕ್ಷಣವನ್ನು ಮೋಸದಿಂದ ಬಳಸಿದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಯಾರ ದುಡ್ಡು ಹೋಯಿತು ಎಂದು ಈ ಕಲಂ ಕೇಳುವುದೇ ಇಲ್ಲ. ಅದು ಜಾರಿಯಾದದ್ದು 2009ರ ಅಕ್ಟೋಬರ್ 27ರಂದು. ಆ ದಿನದಿಂದ ನನ್ನಂಥವನೂ ಕಾನೂನಿನ ಕಣ್ಣಿಗೆ ಬಿದ್ದ. ಆದರೂ ಅದು ಹಿಡಿಯುವುದು ಬಳಸಿದವನನ್ನು. ಸಾವಿರಾರು ಜನರ ವಿವರಗಳನ್ನು ಕಟ್ಟು ಕಟ್ಟಿ ಮಾರಿದವನಿಗೆ ಆ ಪದ ಎಷ್ಟು ಅನ್ವಯಿಸುತ್ತದೆ ಎಂದು ವಾದಿಸಬಹುದು. ನನ್ನ ಮಟ್ಟಿಗೆ ಅದು ದೊಡ್ಡ ಕಿಂಡಿ.

ಇನ್ನು ಹೆಬ್ಬೆಟ್ಟಿನ ಕತೆ. ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ 32ಎ ಕಲಂ, ದಾಖಲೆ ಹಾಜರುಪಡಿಸುವವರ ಫೋಟೊ ಮತ್ತು ಬೆರಳಚ್ಚು ಅದರ ಮೇಲೆ ಇರಲೇಬೇಕು ಎಂದಿತು. ಉದ್ದೇಶ ಹರ್ಷಲನದ್ದೇ. ಆಮೇಲೆ ಆ ದಾಖಲೆಗಳು ಕಂಪ್ಯೂಟರಿಗೆ ಏರಿದವು, ಆಧಾರ್ ಬಂತು, ಹೆಬ್ಬೆಟ್ಟು ಒತ್ತಿದರೆ ಖಾತೆಯಿಂದ ದುಡ್ಡು ಬರುವ ವ್ಯವಸ್ಥೆಯೂ ಬಂತು. 2023ರಲ್ಲಿ ಕರ್ನಾಟಕದಲ್ಲಿ ಬೆಳಕಿಗೆ ಬಂದ ವಂಚನೆಯಲ್ಲಿ, ಆಸ್ತಿ ನೋಂದಣಿಯ ದಾಖಲೆಗಳ ಮೇಲಿದ್ದ ಬೆರಳಚ್ಚನ್ನೇ ಅಚ್ಚು ತೆಗೆದು ಜನರ ಖಾತೆ ಬರಿದು ಮಾಡಿದ್ದರು. ಸೋಗು ತಡೆಯಲೆಂದು ಒತ್ತಿಸಿಕೊಂಡ ಗುರುತೇ ಸೋಗಿಗೆ ಸಾಮಾನಾಯಿತು. ಪಾಸ್‌ವರ್ಡ್ ಆದರೆ ಬದಲಿಸಬಹುದಿತ್ತು.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ. ಸೋಗಿನ ವಂಚನೆ ಈಗ 319ನೇ ಕಲಂ, ಶಿಕ್ಷೆ ಐದು ವರ್ಷದವರೆಗೆ. ಚರ ಆಸ್ತಿಯ ವ್ಯಾಖ್ಯೆಯಲ್ಲಿದ್ದ, ಭೌತಿಕವಾದದ್ದು ಎಂಬ ಪದವನ್ನು ಕೈಬಿಟ್ಟಿದ್ದಾರೆ. ಬಹಳ ಜನ ಗಮನಿಸದ ಈ ಸಣ್ಣ ಕತ್ತರಿ ಮುಂದೆ ದೊಡ್ಡ ವಾದಗಳಿಗೆ ದಾರಿಯಾದೀತು. ಆದರೆ ವಶದಿಂದ ತಪ್ಪಿಸಬೇಕು ಎಂಬ ಮಾತು ಕಳ್ಳತನದ ಕಲಮಿನಲ್ಲಿ ಹಾಗೇ ಇದೆ. ಶ್ರೀಮಂತ ಸಾಹುಕಾರನೂ ಸತ್ತವನೂ ಹೊಸ ಪುಸ್ತಕಕ್ಕೆ ಸುರಕ್ಷಿತವಾಗಿ ದಾಟಿದ್ದಾರೆ.

ನನ್ನ ದೂರು ಕೊನೆಗೆ ದಾಖಲಾಯಿತು. ನಾನು 66ಸಿ ಎಂದಾಗ ರೈಟರ್ ಪುಸ್ತಕ ತೆಗೆದು ನೋಡಿ, ಸರಿ ಸಾರ್, ಇದೆ ಎಂದರು. ಆ ಸಾಲ ನನ್ನ ಹೆಸರಿನಿಂದ ಅಳಿಸಿಹೋಗಲು ಏಳು ತಿಂಗಳು ಹಿಡಿಯಿತು. ಎಫ್‌ಐಆರ್ ಪ್ರತಿ ನನ್ನ ಬಳಿಯಿದೆ. ಕಳುವಾದ ಸ್ವತ್ತಿನ ಒಟ್ಟು ಮೌಲ್ಯ ಎಂಬ ಅಂಕಣದಲ್ಲಿ ಏನು ಬರೆಯುವುದೆಂದು ಅವರು ಕೇಳಿದರು, ನನಗೂ ತೋಚಲಿಲ್ಲ. ಅಲ್ಲೊಂದು ಅಡ್ಡಗೀಟು ಎಳೆದಿದ್ದಾರೆ.