ತೊಟ್ಟಿಲ ಕೂಸಿಗೆ ಅಫೀಮು: ನಾವು ಮರೆಯಬಾರದ ಒಂದು ಇತಿಹಾಸ

ದೀಪಾವಳಿ ಮುಗಿಯಿತೆಂದರೆ ನಮ್ಮ ಜತ್ತ ತಾಲೂಕಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹೆಚ್ಚಾಗುತ್ತದೆ. ಕಬ್ಬಿನ ಹಂಗಾಮು! ಉಮದಿ, ಸಂಖ ಕಡೆಯ ಎಷ್ಟೋ ಮನೆಗಳಿಗೆ ಕೀಲಿ ಬೀಳುತ್ತದೆ. ಗಂಡ-ಹೆಂಡತಿ ಕೂಡಿ ಒಂದು 'ಕೋಯತಾ' ಎಂದು ಲೆಕ್ಕ. ಹಾಲುಗೂಸು ಇದ್ದರೆ ಅದೂ ತಾಯಿಯ ಜೊತೆ ಫಡಕ್ಕೆ ಹೋಗುತ್ತದೆ.

ಒಮ್ಮೆ ಪಾಲಕರ ಸಭೆಗೆ ಬಂದಿದ್ದ ತಾಯಿಯೊಬ್ಬರನ್ನು "ಫಡದಾಗ ಕೂಸಿನ್ನ ಯಾರು ನೋಡತಾರವ್ವಾ?" ಎಂದು ಕೇಳಿದೆವು.

"ಯಾರು ನೋಡ್ತಾರ್ರಿ ಗುರುಗಳ? ಬದುವಿನ ಮ್ಯಾಲ ಮಲಗಸ್ತೀವ್ರಿ. ಭಾಳ ಅತ್ರ ಕೆಮ್ಮಿನ ಔಷಧಾ ಒಂದ್ ಚಮಚಾ ಹಾಕ್ತೀವ್ರಿ. ಮಧ್ಯಾಹ್ನದ ತನಕಾ ಸುಮ್ಮನ ಮಲಗ್ತೈತ್ರಿ."

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಕ್ಕು, "ನಮ್ಮವ್ವ ಸೊಲ್ಲಾಪುರ ಗಿರಣ್ಯಾಗ ಇದ್ದಾಗ ಅಪೂ ನೆಕ್ಕಸ್ತಿದ್ಲಂತ್ರಿ" ಎಂದರು. ಆ ತಾಯಿಗೆ ಬೈಯಬೇಕೆಂದು ನಮ್ಮ ಬಾಯಿಗೆ ಬಂದಿತ್ತು. ಅಜ್ಜಿಯ ಮಾತು ಕೇಳಿ ಸುಮ್ಮನಾದೆವು. ಆ 'ಅಪೂ' ಅಂದರೆ ಅಫೀಮಿನ ಬೆನ್ನು ಹತ್ತಿದಾಗ ತಿಳಿದ ಇತಿಹಾಸವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಬಾಳಗೋಳಿ ಎಂದರೇನು?

ಬಜೆ, ಅಳಲೆಕಾಯಿ, ಜಾಯಿಕಾಯಿಗಳನ್ನು ಕಲ್ಲಿನ ಮೇಲೆ ತೇಯ್ದು ಕೂಸಿಗೆ ನೆಕ್ಕಿಸುವುದು ನಮ್ಮೆಲ್ಲರ ಮನೆಗಳಲ್ಲಿ ನಡೆದು ಬಂದದ್ದೇ. ಆದರೆ ಪಶ್ಚಿಮ ಭಾರತದಲ್ಲಿ ಇದರ ಜೊತೆಗೆ ಇನ್ನೊಂದು ಗುಳಿಗೆಯೂ ಇತ್ತು. ಮುಂಬಯಿಯಲ್ಲಿ ಅದಕ್ಕೆ 'ಬಾಳಗೋಳಿ' ಎನ್ನುತ್ತಿದ್ದರು. ಬಾಳ ಎಂದರೆ ಕೂಸು, ಗೋಳಿ ಎಂದರೆ ಗುಳಿಗೆ. ಅದರೊಳಗೆ ಇದ್ದದ್ದು ಅಫೀಮು!

ಅಫೀಮಿನಲ್ಲಿರುವ ಮಾರ್ಫಿನ್ ನೋವು ಮರೆಸುತ್ತದೆ, ನಿದ್ದೆ ತರಿಸುತ್ತದೆ. ಪ್ರಮಾಣ ಹೆಚ್ಚಾದರೆ ಉಸಿರಾಟವನ್ನು ನಡೆಸುವ ಮಿದುಳಿನ ಭಾಗವನ್ನೇ ಮಂಕಾಗಿಸುತ್ತದೆ. ಉಸಿರು ನಿಧಾನವಾಗುತ್ತ ಹೋಗಿ ಕೊನೆಗೆ ನಿಂತುಬಿಡುತ್ತದೆ. ಗುಳಿಗೆಯಲ್ಲಿ ಎಷ್ಟು ಅಫೀಮು ಇದೆ ಎಂಬುದು ಕೊಡುವ ತಾಯಿಗೆ ಗೊತ್ತಾಗುವಂತಿರಲಿಲ್ಲ. ನಿನ್ನೆ ತಡೆದುಕೊಂಡ ಕೂಸು ಇಂದು ಜ್ವರ ಬಂದು ಸೊರಗಿದ್ದರೆ ಅದೇ ಗುಳಿಗೆ ವಿಷವಾಗಬಹುದಿತ್ತು. ಸಾಯದೆ ಉಳಿದ ಕೂಸಿಗೂ ಕೇಡು ತಪ್ಪುತ್ತಿರಲಿಲ್ಲ. ಮಂಪರಿನಲ್ಲಿದ್ದ ಕೂಸು ಹಸಿವೆಂದು ಅಳುವುದಿಲ್ಲ, ಹಾಲು ಕುಡಿಯುವುದಿಲ್ಲ. ಅತ್ತರೆ ತಾನೇ ಯಾರಾದರೂ ಎತ್ತಿಕೊಳ್ಳುವುದು?

ಸರಕಾರಕ್ಕೆ ಗೊತ್ತಿರಲಿಲ್ಲವೇ?

ಚೆನ್ನಾಗಿ ಗೊತ್ತಿತ್ತು. ಆಗ ಅಫೀಮು ಸರಕಾರಕ್ಕೆ ದೊಡ್ಡ ಆದಾಯ ತರುತ್ತಿತ್ತು, ಲೈಸೆನ್ಸ್ ಪಡೆದ ಅಂಗಡಿಗಳಲ್ಲಿ ರಾಜಾರೋಷವಾಗಿ ಸಿಗುತ್ತಿತ್ತು. 1893ರಲ್ಲಿ ನೇಮಕವಾದ ರಾಯಲ್ ಅಫೀಮು ಆಯೋಗದ ಮುಂದೆ ಕೂಸುಗಳಿಗೆ ಅಫೀಮು ಕೊಡುವ ವಿಷಯವೂ ಬಂದಿತ್ತು. ಆದರೂ 1895ರ ವರದಿಯಲ್ಲಿ ಆಯೋಗವು ಅಫೀಮು ನಿಷೇಧದ ಅಗತ್ಯವಿಲ್ಲವೆಂದು ಹೇಳಿ ಕೈತೊಳೆದುಕೊಂಡಿತು.

ಮುಂದೆ 1920ರ ದಶಕದ ಆರಂಭದಲ್ಲಿ ಮುಂಬಯಿ ಸರಕಾರ ಡಾ. ಬಾರ್ನ್ಸ್ ಎಂಬ ವೈದ್ಯೆಯನ್ನು ಗಿರಣಿ ಕೆಲಸದ ಹೆಂಗಸರ ಸ್ಥಿತಿಗತಿ ನೋಡಲು ನೇಮಿಸಿತು. ಕೆಲಸಗಾರ ಹೆಂಗಸರ ಕೂಸುಗಳಲ್ಲಿ ಶೇಕಡಾ 98ರಷ್ಟಕ್ಕೆ ಅಫೀಮು ಕೊಡಲಾಗುತ್ತಿದೆ ಎಂದು ಅವರು ವರದಿ ಮಾಡಿದರು. ನೂರಕ್ಕೆ ತೊಂಬತ್ತೆಂಟು!

ಇಷ್ಟೊಂದು ತಾಯಂದಿರು ಕಟುಕರಾಗಿದ್ದರೇ? ಖಂಡಿತ ಅಲ್ಲ. 1922ರ ಕಾರ್ಖಾನೆ ಕಾಯ್ದೆಯ ನಂತರವೂ ದಿನಕ್ಕೆ 11 ಗಂಟೆ ದುಡಿಸಲು ಅವಕಾಶವಿತ್ತು. ಊರಿನಲ್ಲಾದರೆ ಅತ್ತೆ, ನಾದಿನಿ, ನೆರೆಹೊರೆಯವರು ಕೂಸನ್ನು ನೋಡಿಕೊಳ್ಳುತ್ತಿದ್ದರು. ಬರದ ಬವಣೆಗೆ ಊರು ಬಿಟ್ಟು ಬಂದವಳಿಗೆ ಚಾಳಿನ ಒಂದು ಖೋಲಿಯಲ್ಲಿ ಯಾರಿದ್ದರು? ಕೂಸಿನ ಸಲುವಾಗಿ ಮನೆಯಲ್ಲಿ ಉಳಿದರೆ ಸಂಜೆಗೆ ರೊಟ್ಟಿ ಇಲ್ಲ. ಆ ಬಿಕ್ಕಟ್ಟಿಗೆ ಆಕೆಗೆ ಸಿಕ್ಕ ಉತ್ತರ ಬಾಳಗೋಳಿ.

ಪರಿಸ್ಥಿತಿ ಬದಲಾದದ್ದು ಹೇಗೆ?

ಇದೇ ನಮಗೆ ಮುಖ್ಯ ಪಾಠ. ತಾಯಂದಿರಿಗೆ ಬೈದು ಇದು ಬಗೆಹರಿಯುವಂತಿರಲಿಲ್ಲ. ಕೂಸಿಗೆ ಜಾಗ, ತಾಯಿಗೆ ರಜೆ ಬೇಕೆಂದು ಹೇಳುವವರು ಬೇಕಿತ್ತು.

1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಬಾಬಾಸಾಹೇಬ ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಯ ಹಿಂದೆ-ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ ಎಂಬುದು ಅವರ ವಾದ. 1929ರಲ್ಲಿ ಅದು ಕಾಯ್ದೆಯಾಯಿತು. 1931ರಲ್ಲಿ ವ್ಹಿಟ್ಲೆ ಕಾರ್ಮಿಕ ಆಯೋಗವು 250ಕ್ಕಿಂತ ಕಡಿಮೆಯಿಲ್ಲದಷ್ಟು ಹೆಂಗಸರಿರುವ ಕಾರ್ಖಾನೆಗಳಲ್ಲಿ ಶಿಶುಗೃಹ ಕಡ್ಡಾಯವಾಗಬೇಕೆಂದಿತು. 1934ರ ಕಾಯ್ದೆ ಪ್ರಾಂತ ಸರಕಾರಗಳಿಗೆ ಈ ಬಗ್ಗೆ ನಿಯಮ ಮಾಡುವ ಅಧಿಕಾರ ಕೊಟ್ಟಿತು. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆ ಕಾಯ್ದೆಯ 48ನೆಯ ಕಲಮು 50ಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುಗೃಹವನ್ನು ಕಡ್ಡಾಯ ಮಾಡಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು.

ಅಫೀಮಿನ ಅಂಗಡಿ ಮುಚ್ಚುವ ಕೆಲಸವೂ ನಡೆಯಿತು. 10 ವರ್ಷಗಳಲ್ಲಿ ಔಷಧಕ್ಕಲ್ಲದ ಅಫೀಮು ಬಳಕೆ ನಿಲ್ಲಿಸಬೇಕೆಂದು 1949ರಲ್ಲಿ ನಿರ್ಧಾರವಾಗಿ 1959ರಲ್ಲಿ ಆ ಗಡುವು ಮುಗಿಯಿತು. ಅಂಗಡಿ ಮುಚ್ಚುವ ಮಾತಿಗಿಂತ ಮೊದಲೇ ತೊಟ್ಟಿಲಿಗೆ ಜಾಗ ಮಾಡುವ ಕಾಯ್ದೆ ಬಂದಿತ್ತು ಎಂಬುದನ್ನು ಗಮನಿಸಿ.

ಇಂದು ಜಗತ್ತಿನಲ್ಲಿ ಇದೇ ವಿಚಾರಕ್ಕೆ 'ಹಾನಿ ತಗ್ಗಿಸುವುದು' ಎನ್ನುತ್ತಾರೆ. ಚಟವಿದ್ದವನನ್ನು ಮೊದಲು ಬದುಕಿಸು, ಬುದ್ಧಿ ಆಮೇಲೆ ಹೇಳು ಎಂಬುದು ಅದರ ತಿರುಳು. ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕ ಅತಿಯಾಗಿ ಉಸಿರು ನಿಲ್ಲುತ್ತಿದ್ದರೆ ನಾಲಾಕ್ಸೋನ್ ಎಂಬ ಔಷಧಿ ಅದನ್ನು ಮರಳಿಸಬಲ್ಲದು. ಅಮೆರಿಕದ ಶಿಕಾಗೋ ನಗರದಲ್ಲಿ 1996ರ ಸುಮಾರಿಗೆ ಅದನ್ನು ಆಸ್ಪತ್ರೆಯ ಹೊರಗೆ, ಚಟವಿದ್ದವರ ಕೈಗೇ ಕೊಡತೊಡಗಿದರು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಘಟನೆಯನ್ನು ಎದುರಿಸಬಹುದಾದ ಮನೆಯವರು, ಗೆಳೆಯರ ಕೈಗೆ ಅದು ಸಿಗಬೇಕೆಂದಿತು.

ನಮ್ಮ ಫಡದ ಮಾತು

ಈಗ ಮತ್ತೆ ನಮ್ಮ ತಾಲೂಕಿಗೆ ಬರೋಣ. ಗಿರಣಿಯ ತಾಯಿಗಾಗಿ ಬಂದ ಶಿಶುಗೃಹ ಕಬ್ಬಿನ ಫಡಕ್ಕೆ ಬರಲಿಲ್ಲ. ಏಕೆಂದರೆ ಹೊಲ ಕಾರ್ಖಾನೆಯಲ್ಲ! ದೊಡ್ಡ ಮಕ್ಕಳಿಗೆ ಸಾಖರ ಶಾಳೆಗಳಾದರೂ ಕೆಲವು ಕಡೆ ನಡೆದವು. ಬದುವಿನ ಮೇಲಿನ ಕೂಸು ಮಾತ್ರ ಎಲ್ಲ ಲೆಕ್ಕದಿಂದ ಹೊರಗೆ ಉಳಿಯಿತು. ಅಫೀಮು ಹೋಗಿ ಆ ಜಾಗಕ್ಕೆ ಚಮಚದ ಔಷಧಿ ಬಂದಿದೆ.

ಕೆಮ್ಮಿನ ಎಲ್ಲ ಔಷಧಿಗಳೂ ಒಂದೇ ಅಲ್ಲ. ಕೆಲವದರಲ್ಲಿ ಕೊಡೀನ್ ಇರುತ್ತದೆ, ಅದು ಅಫೀಮಿನ ಬಳಗದ್ದೇ. ಇನ್ನು ಕೆಲವದರಲ್ಲಿ ಮಂಪರು ತರುವ ಬೇರೆ ಔಷಧಿ ಇರುತ್ತದೆ. 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆಯು 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಕೊಡಲೇಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು.

ಆದ್ದರಿಂದ ಹಂಗಾಮಿಗೆ ಹೊರಡುವ ಪಾಲಕರಿಗೆ ನಾವು ಇಷ್ಟು ಹೇಳಿ ಕಳಿಸೋಣ. ಮಲಗಿಸುವುದಕ್ಕೆಂದು ಯಾವ ಔಷಧಿಯೂ ಬೇಡ. ಟೋಳಿಯಲ್ಲಿ ಒಬ್ಬರು ಸರದಿಯಂತೆ ಎಲ್ಲರ ಕೂಸುಗಳನ್ನು ನೋಡಿಕೊಳ್ಳಲಿ, ಆಕೆಯ ಕೂಲಿಯನ್ನು ಉಳಿದವರು ಹಂಚಿಕೊಳ್ಳಲಿ. ಕೂಸು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಬೇಕು. ಬಾಯಿಗೆ ಏನೂ ಹಾಕದೆ, ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಔಷಧಿಯ ಬಾಟಲಿಯನ್ನು ಆಸ್ಪತ್ರೆಗೆ ಜೊತೆಗೇ ಒಯ್ಯಬೇಕು. ಏನು ಕೊಟ್ಟೆವೆಂದು ವೈದ್ಯರಿಗೆ ನಿಜ ಹೇಳಬೇಕು. ಮನೆಯಲ್ಲಿ ದೊಡ್ಡವರಿಗೆ ಚಟವಿದ್ದರೆ 14446ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.

ನಿಜ ಹೇಳಬೇಕಾದರೆ ಬೈಸಿಕೊಳ್ಳುವ ಹೆದರಿಕೆ ಇರಬಾರದು. ಅಂದು ಸಭೆಯಲ್ಲಿ ನಾವು ಬೈದಿದ್ದರೆ ಆ ತಾಯಿ ಚಮಚದ ಮಾತನ್ನು ಮುಂದೆಂದೂ ಯಾರ ಮುಂದೆಯೂ ಆಡುತ್ತಿರಲಿಲ್ಲ. ಮಕ್ಕಳ ಜೀವ ಉಳಿಯಬೇಕಾದರೆ ತಾಯಂದಿರು ನಮ್ಮ ಹತ್ತಿರ ಮಾತಾಡುವಂತಿರಬೇಕು. ಈ ಸಲ ದೀಪಾವಳಿ ರಜೆಗೆ ಮೊದಲೇ ಪಾಲಕರ ಸಭೆ ಕರೆಯೋಣ, ಗುರುಗಳೇ.